ಸ್ಟಾಫ್‌ರೂಮಿನಲ್ಲಿ ಎಳ್ಳು ಬೀರಿದ ವರ್ಷ

ಈ ಸಲದ ಸಂಕ್ರಾಂತಿಗೆ ಲಂಡನ್ನಿನ ಅಂಚಿನ ಪಿನ್ನರ್‌ನ ಚರ್ಚ್ ಹಾಲಿನಲ್ಲಿ ನಮ್ಮ ಕನ್ನಡದವರೆಲ್ಲ ಸೇರಿದ್ದಾಗ ಎಳ್ಳುಬೆಲ್ಲದ ಪೊಟ್ಟಣ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಒಂದೊಂದು ಪೊಟ್ಟಣಕ್ಕೂ ಚೀಟಿ ಅಂಟಿಸಿ, ಒಳಗೆ ಏನೇನಿದೆ ಎಂದು ಬರೆಯುತ್ತಾ ಕೂತಿದ್ದೆ. ಧಾರವಾಡದಿಂದ ಮಗಳ ಮನೆಗೆ ಬಂದಿರುವ ಪದ್ಮಕ್ಕ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಒಂದನ್ನು ಓದಿದರು.

“ಏನವಾ ಇದು? ಎಳ್ಳುಬೆಲ್ಲದ ಮ್ಯಾಲ ಎಳ್ಳು ಅದ ಅಂತ ಬರದೀಯಲ್ಲ! ನಾಳೆ ನೀರಿನ ಬಾಟ್ಲಿ ಮ್ಯಾಲ ನೀರು ಅದ ಅಂತ ಬರೀತೀಯೇನು?”

ಹಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ಬರೆಯುವುದನ್ನು ನಿಲ್ಲಿಸಲಿಲ್ಲ. ಹುರಿದ ಎಳ್ಳಿನ ವಾಸನೆ ಬಂದರೆ ಉಳಿದವರಿಗೆ ಊರಿನ ಹಬ್ಬ ನೆನಪಾಗುತ್ತದೆ. ನನಗೆ ನೆನಪಾಗುವುದು ಗಾಜಿನ ಕಿಂಡಿ ಇರುವ ಒಂದು ಬಾಗಿಲು ಮತ್ತು ನೆಲದ ಮೇಲೆ ಬಿದ್ದಿದ್ದ ಒಂದು ಕಪ್ಪು ಗೌನು.

ಮೈಸೂರಿನಲ್ಲಿ ಎಂಟು ವರ್ಷ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಪಾಠ ಮಾಡಿದವಳು ನಾನು. ಇವರಿಗೆ ಕ್ಯಾನರಿ ವಾರ್ಫಿನ ಒಂದು ಬ್ಯಾಂಕಿನಲ್ಲಿ ಕೆಲಸವಾಗಿ ಲಂಡನ್ನಿಗೆ ಬಂದ ಮೇಲೆ, ಎರಡು ವರ್ಷ ಪಿನ್ನರ್‌ನ ಫ್ಲ್ಯಾಟಿನಲ್ಲಿ ಕೂತು ಕಿಟಕಿ ಕಾಯ್ದೆ. ಮೊದಲೇ ನಾನು ಹುಟ್ಟಾ ಪುಕ್ಕಲಿ. ಇಲ್ಲಿಗೆ ಬಂದ ಮೇಲಂತೂ ಫೋನು ಹೊಡೆದುಕೊಂಡರೆ ಭಯ, ಕೌನ್ಸಿಲ್‌ನಿಂದ ಕಾಗದ ಬಂದರೆ ಭಯ, ಅಂಗಡಿಯಲ್ಲಿ ಹಿಂದೆ ನಿಂತವರು ಕೆಮ್ಮಿದರೂ ಭಯ. ಊರಿನಲ್ಲಿ ಅರವತ್ತು ಮಕ್ಕಳನ್ನು ಒಂದು ನೋಟಕ್ಕೆ ಸುಮ್ಮನಾಗಿಸುತ್ತಿದ್ದವಳು ಇವಳೇನಾ ಎಂದು ನನಗೇ ಅನುಮಾನ ಬರುತ್ತಿತ್ತು. ಅಂಥ ಹೊತ್ತಿನಲ್ಲಿ ಒಂದು ಹಳೆಯ ಗ್ರಾಮರ್ ಸ್ಕೂಲಿನಲ್ಲಿ ಲ್ಯಾಬ್ ಟೆಕ್ನೀಷಿಯನ್ ಕೆಲಸ ಸಿಕ್ಕಿತು.

ಗ್ರಾಮರ್ ಸ್ಕೂಲ್ ಅಂದರೆ ವ್ಯಾಕರಣ ಕಲಿಸುವ ಶಾಲೆ ಎಂದೇ ನಮ್ಮಮ್ಮ ತಿಳಿದಿದ್ದಳು. ಅದು ಪ್ರವೇಶ ಪರೀಕ್ಷೆ ಬರೆದು ಗೆದ್ದ ಮಕ್ಕಳನ್ನಷ್ಟೇ ಸೇರಿಸಿಕೊಳ್ಳುವ ಸರ್ಕಾರಿ ಶಾಲೆ. ನೂರಾರು ವರ್ಷದ ಕಟ್ಟಡ, ಮೆಟ್ಟಿಲಿನ ಉದ್ದಕ್ಕೂ ಸತ್ತುಹೋದ ಹೆಡ್‌ಮಾಸ್ಟರುಗಳ ಚಿತ್ರಪಟ. ಒಬ್ಬೊಬ್ಬರೂ ನನ್ನನ್ನೇ ನೋಡಿ, ಇವಳನ್ನು ಒಳಗೆ ಬಿಟ್ಟವರು ಯಾರು ಎಂದು ಕೇಳುವ ಹಾಗೆ ಕಾಣುತ್ತಿದ್ದರು. ಬ್ಯೂರೆಟ್ಟು ತೊಳೆದು, ದ್ರಾವಣ ಕಲಸಿ, ಟ್ರಾಲಿಯಲ್ಲಿ ಜೋಡಿಸಿ ತರಗತಿಯ ಬಾಗಿಲಿಗೆ ಒಯ್ದು ಕೊಡುವುದು ನನ್ನ ಕೆಲಸ. ಮೊದಲ ಆರು ತಿಂಗಳು ಪ್ರೊಬೇಷನ್. ಸೆಪ್ಟೆಂಬರಿನಲ್ಲಿ ಸೇರಿದವಳ ಹಣೆಬರಹ ಫೆಬ್ರವರಿಯಲ್ಲಿ ತೀರ್ಮಾನವಾಗುವುದಿತ್ತು. ಕೆಲಸ ಹೋದರೆ ಮತ್ತೆ ಅದೇ ಕಿಟಕಿ.

ಸೇರಿದ ದಿನ ಆಫೀಸಿನಲ್ಲಿ ಹನ್ನೊಂದು ಹಾಳೆ ಕೊಟ್ಟು ಓದಿ ಸಹಿ ಮಾಡಿ ಎಂದರು. ಓದುತ್ತಾ ಕೂತರೆ ಇವಳಿಗೆ ಇಂಗ್ಲಿಷ್ ನಿಧಾನ ಅಂದುಕೊಂಡಾರು ಎಂದು ಹೆದರಿ, ಹನ್ನೊಂದಕ್ಕೂ ಸರಸರನೆ ಸಹಿ ಹಾಕಿ ಎದ್ದೆ. ಆಮೇಲಿನದ್ದಕ್ಕೆಲ್ಲ ಬೀಜ ಬಿದ್ದದ್ದು ಅಲ್ಲಿಯೇ.

ಆ ಶಾಲೆಯ ಮೇಷ್ಟರುಗಳಲ್ಲಿ ಮೂವರು ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಉಳಿದಿದ್ದಾರೆ. ಅವರು ಆಡಿದ್ದು ಇಂಗ್ಲಿಷೇ. ನನ್ನ ನೆನಪಿನಲ್ಲಿ ಮಾತ್ರ ಎಲ್ಲರೂ ಕನ್ನಡದಲ್ಲೇ ಬೈಯುತ್ತಾರೆ.

ಮೊದಲನೆಯವರು ಮಿಸೆಸ್ ವಿಟ್‌ಕಮ್, ಕೆಮಿಸ್ಟ್ರಿಯ ಮುಖ್ಯಸ್ಥೆ, ನನ್ನ ಮೇಲಧಿಕಾರಿ. ಬೆಲ್ಲು ಹೊಡೆಯುವುದಕ್ಕೆ ಮುಂಚೆ ಟ್ರಾಲಿ ಬಾಗಿಲಲ್ಲಿರಬೇಕು. ಒಂದು ನಿಮಿಷ ತಡವಾದರೂ ಅವರು ಏನೂ ಅನ್ನುತ್ತಿರಲಿಲ್ಲ, ಗಡಿಯಾರವನ್ನೊಮ್ಮೆ ನೋಡಿ ನನ್ನನ್ನೊಮ್ಮೆ ನೋಡುತ್ತಿದ್ದರು. ಅದಕ್ಕಿಂತ ನಾಲ್ಕು ಬೈದಿದ್ದರೆ ವಾಸಿಯಿತ್ತು. ಎರಡನೆಯವರು ಜಿಯಾಗ್ರಫಿಯ ಮಿಸ್ಟರ್ ಅಡೆಯೆಮಿ. ತಂದೆತಾಯಿ ನೈಜೀರಿಯಾದವರು, ತಾವು ಹುಟ್ಟಿ ಬೆಳೆದದ್ದು ಲಂಡನ್ನಿನಲ್ಲೇ. ಅವರ ನಗು ಕಾರಿಡಾರಿನ ಆ ಕೊನೆಯಿಂದ ಕೇಳುತ್ತಿತ್ತು, ಯಾರ ತಿಂಡಿ ಡಬ್ಬಿ ಬಿಚ್ಚಿದರೂ ಅವರ ಕೈ ಅಲ್ಲಿರುತ್ತಿತ್ತು.

ಮೂರನೆಯವರು ಲ್ಯಾಟಿನ್ ಮೇಷ್ಟರು, ಮಿಸ್ಟರ್ ಪೆಲ್. ಅರವತ್ತು ದಾಟಿದ ತೆಳ್ಳನೆಯ ಮನುಷ್ಯ. ಇಡೀ ಶಾಲೆಯಲ್ಲಿ ದಿನವೂ ಕಪ್ಪು ಗೌನು ತೊಡುತ್ತಿದ್ದವರು ಅವರೊಬ್ಬರೇ. ಸ್ಟಾಫ್‌ರೂಮಿಗೆ ಬಂದು ಕಾಗದಪತ್ರ ತೆಗೆದುಕೊಂಡು ಹೋಗುತ್ತಿದ್ದರು, ಕೂರುತ್ತಿರಲಿಲ್ಲ. ಯಾರ ಕೈಯಿಂದಲೂ ಒಂದು ಬಿಸ್ಕತ್ತು ಮುಟ್ಟುತ್ತಿರಲಿಲ್ಲ. ಟೀ ಸ್ವಂತ ಫ್ಲಾಸ್ಕಿನಿಂದ, ಸ್ವಂತ ಕಪ್ಪಿನಲ್ಲಿ, ಮೂರನೆಯ ಮಹಡಿಯ ತಮ್ಮ ಕೋಣೆಯಲ್ಲಿ. ನನಗೆ ನಮ್ಮ ಸೋದರತ್ತೆ ನೆನಪಾಗುತ್ತಿದ್ದರು. “ಇಂಗ್ಲಿಷರಲ್ಲೂ ಮಡಿ ಮಾಡೋರಿದ್ದಾರೆ ಕಣ್ರೀ,” ಎಂದು ಇವರಿಗೆ ಹೇಳಿ ನಕ್ಕಿದ್ದೆ. ಆದರೂ ಪೆಲ್ ಮೇಲೆ ನನಗೊಂದು ಅಭಿಮಾನವಿತ್ತು. ಉಳಿದವರಿಗೆಲ್ಲ ನಾನು ‘ಸೂ’. ಅವರು ಮಾತ್ರ ಒಂದು ದಿನ ಮೆಟ್ಟಿಲಲ್ಲಿ ನಿಲ್ಲಿಸಿ, ನನ್ನ ಹೆಸರನ್ನು ಎರಡೆರಡು ಸಲ ಹೇಳಿಸಿ ಕೇಳಿಕೊಂಡು, ಅಂದಿನಿಂದ ‘ಸುಮಂಗಲಾ’ ಎಂದು ಪೂರ್ತಿಯಾಗಿ ಕರೆಯುತ್ತಿದ್ದರು.

ಜನವರಿ ಬಂತು. ಬೆಳಿಗ್ಗೆ ಎಂಟಕ್ಕೂ ಕತ್ತಲೆ, ಮೈದಾನದ ಹುಲ್ಲಿನ ಮೇಲೆ ಬಿಳಿ ಹಿಮ. ಸಂಕ್ರಾಂತಿಯ ಹಿಂದಿನ ದಿನ ಅಮ್ಮ ಫೋನು ಮಾಡಿದಳು.

“ಎಳ್ಳು ಬೀರೋಕೆ ಅಲ್ಲಿ ಮನೆಗಳೇ ಇಲ್ವೇನೇ?”

“ಪಕ್ಕದ ಫ್ಲ್ಯಾಟಿನೋರ ಮುಖಾನೇ ಸರಿಯಾಗಿ ನೋಡಿಲ್ಲಮ್ಮ.”

“ಹಾಗಿದ್ರೆ ಕೆಲಸ ಮಾಡೋ ಕಡೆ ಇರೋರ್ಗಾದ್ರೂ ಕೊಡು. ನಾಲ್ಕು ಜನಕ್ಕೆ ಬೀರದೆ ಅದೆಂಥ ಹಬ್ಬ ಪುಟ್ಟಿ?”

ಆ ಮಾತು ಮನಸ್ಸಿಗೆ ಹತ್ತಿತು. ಅಂದು ಸಂಜೆ ಎಳ್ಳು ಹುರಿದೆ, ಬೆಲ್ಲ, ಕೊಬ್ಬರಿ ಸಣ್ಣಗೆ ಹೆಚ್ಚಿದೆ, ಹುರಿಗಡಲೆ ಸೇರಿಸಿದೆ. ಊರಿನಿಂದ ಬಂದಿದ್ದ ಸಕ್ಕರೆ ಅಚ್ಚುಗಳಿದ್ದವು. ಕಡಲೆಕಾಯಿ ಬೀಜದ ಡಬ್ಬಿಗೆ ಕೈ ಹಾಕಿದವಳು ನಿಂತೆ. ಶಾಲೆಯ ಕ್ಯಾಂಟೀನಿನಲ್ಲಿ ಕಡಲೆಕಾಯಿಯ ಚಿತ್ರಕ್ಕೆ ಕೆಂಪು ಗೆರೆ ಎಳೆದ ಭಿತ್ತಿಪತ್ರವಿತ್ತು. ಕೆಲವು ಮಕ್ಕಳಿಗೆ ಅದು ಆಗಿಬರುವುದಿಲ್ಲವಂತೆ. ಡಬ್ಬಿಯನ್ನು ಮುಚ್ಚಿ ಮೇಲಿನ ಶೆಲ್ಫಿಗೆ ಏರಿಸಿ, ನಾನೆಷ್ಟು ಜಾಣೆ ಎಂದು ಬೆನ್ನು ತಟ್ಟಿಕೊಂಡೆ. ಎಳ್ಳಿನ ಬಗ್ಗೆ ಯೋಚನೆಯೇ ಬರಲಿಲ್ಲ. ಎಳ್ಳು ಯಾರಿಗಾದರೂ ಕೇಡು ಮಾಡುತ್ತದೆ ಎಂದರೆ ನಮ್ಮ ಮನೆಯಲ್ಲಿ ಯಾರು ನಂಬುತ್ತಿದ್ದರು? ಕೆಂಪು ಕಾಗದದಲ್ಲಿ ಪೊಟ್ಟಣ ಕಟ್ಟಿ, ಎಳ್ಳು ಎಂದರೇನು ಎಂದು ವಿವರಿಸುವ ಗೋಜೇ ಬೇಡವೆಂದು, ಚೀಟಿಯಲ್ಲಿ ಇಂಗ್ಲಿಷಿನಲ್ಲಿ ‘ಸಿಹಿ ತಿಂದು ಒಳ್ಳೆಯ ಮಾತಾಡಿ’ ಎಂದಷ್ಟೇ ಬರೆದೆ.

ಸ್ಟಾಫ್‌ರೂಮಿನ ಗೋಡೆಯಲ್ಲಿ ಪ್ರತಿಯೊಬ್ಬ ಮೇಷ್ಟರಿಗೂ ಹೆಸರು ಬರೆದ ಒಂದೊಂದು ಮರದ ಗೂಡಿತ್ತು, ಕಾಗದಪತ್ರ ಇಡುವುದಕ್ಕೆ. ಟೆಕ್ನೀಷಿಯನ್ನರಿಗೆ ಗೂಡಿರಲಿಲ್ಲ. ಹಬ್ಬದ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ, ಬೀದಿಯ ಮನೆಮನೆಗೆ ಬೀರುವ ಹಾಗೆ ಒಂದೊಂದೇ ಗೂಡಿಗೆ ಪೊಟ್ಟಣ ಇಟ್ಟುಕೊಂಡು ಬಂದೆ. ಪೆಲ್ ಅವರದಕ್ಕೆ ದೊಡ್ಡ ಅಚ್ಚು, ನವಿಲಿನದು. ಲಂಡನ್ನಿಗೆ ಬಂದ ಮೇಲೆ ಹೆದರಿಕೆಯಿಲ್ಲದೆ ಕಳೆದ ಹತ್ತು ನಿಮಿಷ ಯಾವುದೆಂದು ಕೇಳಿದರೆ ಅದನ್ನೇ ಹೇಳುತ್ತೇನೆ.

ಬೆಳಗಿನ ಬಿಡುವಿನಲ್ಲಿ ಸ್ಟಾಫ್‌ರೂಮಿಗೆ ಹೋದರೆ ಅಡೆಯೆಮಿ ಎರಡನೆಯ ಪೊಟ್ಟಣ ಮುಗಿಸುತ್ತಿದ್ದರು. ಎರಡನೆಯದು ಯಾರದೋ!

“ಸೂ, ಇದು ಅದ್ಭುತ! ಕುರುಕುರು ಅನ್ನುತ್ತಲ್ಲ, ಏನದು?”

“ಎಳ್ಳು,” ಎಂದೆ ಹೆಮ್ಮೆಯಿಂದ.

ಅವರ ದವಡೆ ನಿಂತಿತು. ಆ ಮುಖದಿಂದ ನಗು ಇಳಿದು ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಪೆಲ್‌ಗೆ ಕೊಟ್ಟಿಲ್ಲ ತಾನೇ?”

“ಎಲ್ಲರಿಗೂ ಕೊಟ್ಟೆ. ಯಾಕೆ?”

“ಅವರಿಗೆ ಎಳ್ಳು ವಿಷ, ಸೂ. ಒಂದು ಸಲ ಇದೇ ಕೋಣೆಯಲ್ಲಿ, ಯಾರದೋ ಬೀಳ್ಕೊಡುಗೆಯ ದಿನ ಒಂದು ಬ್ರೆಡ್ಡಿನ ಚೂರು ತಿಂದು ಬಿದ್ದರು. ಗಂಟಲು ಮುಚ್ಚಿಹೋಗಿತ್ತು. ಅದಕ್ಕೇ ಅವರು ಇಲ್ಲಿ ಏನನ್ನೂ ಮುಟ್ಟುವುದಿಲ್ಲ. ನಿಮಗೆ ಯಾರೂ ಹೇಳಲಿಲ್ಲವೇ?”

ಹೇಳಿದ್ದರು. ಹನ್ನೊಂದು ಹಾಳೆಯಲ್ಲಿ ಒಂದರಲ್ಲಿ ಬರೆದೇ ಕೊಟ್ಟಿದ್ದರು. ಗೋಡೆಯ ಕಡೆ ನೋಡಿದೆ. ಪೆಲ್ ಅವರ ಗೂಡು ಖಾಲಿಯಿತ್ತು.

ಅಡೆಯೆಮಿ ಆಫೀಸಿನ ಕಡೆ ಓಡಿದರು, ನಾನು ಮೆಟ್ಟಿಲಿನ ಕಡೆ. ಕಾಲು ಎತ್ತಿ ಇಟ್ಟದ್ದು ನೆನಪಿಲ್ಲ. ಚಿತ್ರಪಟದ ಹೆಡ್‌ಮಾಸ್ಟರುಗಳೆಲ್ಲ ಸಾಲಾಗಿ ನನ್ನನ್ನೇ ನೋಡುತ್ತಿದ್ದರು. ಎರಡನೆಯ ಮಹಡಿಯಲ್ಲಿ ಮಿಸೆಸ್ ವಿಟ್‌ಕಮ್ ಎದುರು ನಿಂತರು.

“ಇನ್ನು ಆರು ನಿಮಿಷಕ್ಕೆ ನನ್ನ ಪ್ರಾಕ್ಟಿಕಲ್. ಬ್ಯೂರೆಟ್‌ಗಳೆಲ್ಲಿ?”

“ಪೆಲ್,” ಎಂದೆ. “ಎಳ್ಳು. ನಾನೇ ಕೊಟ್ಟೆ. ಗೊತ್ತಿರಲಿಲ್ಲ.”

ಅವರು ಗಡಿಯಾರ ನೋಡಲಿಲ್ಲ. ತಿರುಗಿ ಕೆಳಗೆ ಓಡಿದರು. ಐವತ್ತೈದರ ಆ ಹೆಂಗಸು ಎರಡೆರಡು ಮೆಟ್ಟಿಲು ಹಾರಿ ಇಳಿಯುವ ಸದ್ದು ಕೇಳಿತು.

ಮೂರನೆಯ ಮಹಡಿಯಲ್ಲಿ ಲ್ಯಾಟಿನ್ ಕೋಣೆಯ ಬಾಗಿಲು ಹಾಕಿತ್ತು. ಗಾಜಿನ ಕಿಂಡಿಯಲ್ಲಿ ನೋಡಿದೆ. ಮೇಜಿನ ಮೇಲೆ ಹರಿದ ಕೆಂಪು ಕಾಗದ, ಸುತ್ತ ಚೆಲ್ಲಿದ ಎಳ್ಳು, ಅದರ ನಡುವೆ ಸಕ್ಕರೆಯ ನವಿಲು ನೆಟ್ಟಗೆ ನಿಂತಿತ್ತು. ಕುರ್ಚಿ ಖಾಲಿ. ಬಿಚ್ಚಿದಾಗಲೆಲ್ಲ ಮೊಳೆಗೆ ತೂಗುಹಾಕುತ್ತಿದ್ದ ಗೌನು ನೆಲದ ಮೇಲೆ ಮುದ್ದೆಯಾಗಿ ಬಿದ್ದಿತ್ತು. ಮೇಜಿನ ಆಚೆಗೆ ನೆಲ ಕಾಣುತ್ತಿರಲಿಲ್ಲ.

ಬಾಗಿಲು ನೂಕಬೇಕಿತ್ತು. ಆಗಲಿಲ್ಲ. ಚೆಲ್ಲಿದ ಎಳ್ಳು ನೋಡಿದೊಡನೆ ಅಪ್ಪನ ತಿಥಿಯ ದಿನ ಅಣ್ಣನ ಬೆರಳ ಸಂದಿನಿಂದ ನೀರಿನ ಜೊತೆ ಜಾರುತ್ತಿದ್ದ ಎಳ್ಳು ಕಣ್ಣಮುಂದೆ ಬಂತು. ಹಿಡಿಕೆ ಹಿಡಿದುಕೊಂಡು ಎಷ್ಟು ಹೊತ್ತು ನಿಂತೆನೋ, ನಾಲ್ಕು ಉಸಿರೋ, ಐದೋ. ಕೊನೆಗೆ ಒಳಗೆ ಹೋದೆ. ಮೇಜಿನ ಆಚೆ ಯಾರೂ ಇರಲಿಲ್ಲ. ಎಲ್ಲೋ ಕಾರಿಡಾರಿನಲ್ಲಿ ಬಿದ್ದಿರಬೇಕು ಅನ್ನಿಸಿತು. ಆಗ ನಾನು ಮಾಡಿದ್ದನ್ನು ಇಂದಿಗೂ ಇವರ ಹೊರತು ನಮ್ಮವರಲ್ಲಿ ಯಾರಿಗೂ ಹೇಳಿಲ್ಲ. ಪೆಲ್ ಅವರನ್ನು ಹುಡುಕಿಕೊಂಡು ಓಡುವ ಬದಲು ಮೇಜಿನ ಮೇಲಿದ್ದ ನನ್ನ ಕೈಬರಹದ ಚೀಟಿಯನ್ನು ಎತ್ತಿ ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡೆ. ಉಳಿದ ಮೂವತ್ತೆಂಟು ಚೀಟಿ ಶಾಲೆಯ ತುಂಬ ಹರಡಿವೆ ಎನ್ನುವ ಬುದ್ಧಿಯೂ ಇರಲಿಲ್ಲ. ಒಬ್ಬ ಮನುಷ್ಯ ಸಾಯುತ್ತಿರಬಹುದು, ನಾನು ಕೆಲಸ ಉಳಿಸಿಕೊಳ್ಳುವ ದಾರಿ ಹುಡುಕುತ್ತಿದ್ದೆ. ಹೆದರಿಕೆ ಮನುಷ್ಯರನ್ನು ಎಷ್ಟು ಕೆಳಗೆ ಇಳಿಸುತ್ತದೆ ಎಂದು ಅವತ್ತು ನೋಡಿಕೊಂಡೆ.

ಹಿಂದಿನಿಂದ ಮಿಸೆಸ್ ವಿಟ್‌ಕಮ್ ಏದುಸಿರು ಬಿಡುತ್ತಾ ಬಂದರು. ಕೈಯಲ್ಲಿ ಪೆಲ್ ಹೆಸರು ಬರೆದ ಹಳದಿ ಡಬ್ಬಿ, ಅದರಲ್ಲಿ ತೊಡೆಗೆ ಚುಚ್ಚುವ ಇಂಜೆಕ್ಷನ್ ಪೆನ್ನು. ಅಷ್ಟರಲ್ಲಿ ಎದುರಿನ ಬಚ್ಚಲಿನ ಬಾಗಿಲು ತೆರೆಯಿತು. ಅಂಗಿಯ ತೋಳನ್ನು ಭುಜದವರೆಗೆ ಮಡಚಿಕೊಂಡು, ಮೊಣಕೈವರೆಗೆ ನೀರು ತೊಟ್ಟಿಕ್ಕುತ್ತಾ ಪೆಲ್ ನಿಂತಿದ್ದರು. ಎರಡೂ ಕೈ ಮೇಲೆ ಕೆಂಪು ದದ್ದು.

“ತಿಂದಿರಾ?” ವಿಟ್‌ಕಮ್ ಕೇಳಿದರು.

“ಇಲ್ಲ. ಬಿಚ್ಚಿದೆ ಅಷ್ಟೆ. ಮೈಮೇಲೆ ಚೆಲ್ಲಿತು, ಗೌನು ಕಿತ್ತೆಸೆದು ಕೈ ತೊಳೆಯಲು ಹೋದೆ.”

ಅವರನ್ನು ಕಾರಿಡಾರಿನ ಬೆಂಚಿನ ಮೇಲೆ ಕೂರಿಸಿದೆವು. ಆಫೀಸಿನವರು ಆಂಬ್ಯುಲೆನ್ಸಿನವರೊಂದಿಗೆ ಫೋನಿನಲ್ಲಿದ್ದರು. ಅರ್ಧ ಗಂಟೆ ಕಣ್ಣಿಟ್ಟು ನೋಡಿ, ಉಸಿರು ಕಟ್ಟುವ ಲಕ್ಷಣ ಕಂಡರೆ ತಕ್ಷಣ ಚುಚ್ಚಿ ಎಂದಿದ್ದರಂತೆ. ವಿಟ್‌ಕಮ್ ಪೆನ್ನು ಹಿಡಿದು ಎದುರು ಕೂತರು. ಎರಡು ನಿಮಿಷಕ್ಕೊಮ್ಮೆ “ಗಂಟಲು?” ಎಂದು ಕೇಳುವರು, “ಸರಿಯಿದೆ,” ಎಂದು ಅವರು ಹೇಳುವರು. ಬೆಲ್ಲು ಹೊಡೆಯಿತು. ಕೆಳಗೆ ಅವರ ಪ್ರಾಕ್ಟಿಕಲ್ ಕ್ಲಾಸು ಕಾಯುತ್ತಿತ್ತು, ವಿಟ್‌ಕಮ್ ಕದಲಲಿಲ್ಲ. ನಾನು ಗೋಡೆಗೆ ಒರಗಿ ಪೆಲ್ ಅವರ ಎದೆ ಏರುವುದನ್ನು, ಇಳಿಯುವುದನ್ನು ನೋಡುತ್ತಿದ್ದೆ. ಒಂದು ಸಲ ಇಳಿದದ್ದು ಮತ್ತೆ ಏರುವವರೆಗೆ ನನ್ನ ಉಸಿರು ನಿಲ್ಲುತ್ತಿತ್ತು. ಅವರಿಗೊಂದು ಕೆಮ್ಮು ಬಂತು. ನಂಜುಂಡೇಶ್ವರನಿಗೆ ಏನೇನು ಹರಕೆ ಹೊತ್ತೆನೋ, ಅದರಲ್ಲಿ ಅರ್ಧ ಈಗಲೂ ತೀರಿಸಿಲ್ಲ.

ಹದಿನೈದು ನಿಮಿಷ ಕಳೆದ ಮೇಲೆ ಪೆಲ್ ಮಾತಾಡಿದರು. “ಸುಮಂಗಲಾ, ನೀವು ಕೂತುಕೊಳ್ಳಿ. ನನಗಿಂತ ನೀವೇ ಬಿಳಿಚಿದ್ದೀರಿ.”

ನಾನು ಮುಷ್ಟಿ ಬಿಚ್ಚಿ ಬೆವರಿನಲ್ಲಿ ಒದ್ದೆಯಾದ ಚೀಟಿಯನ್ನು ಬೆಂಚಿನ ಮೇಲೆ ಇಟ್ಟೆ. “ಇದನ್ನು ಬಚ್ಚಿಟ್ಟುಕೊಂಡಿದ್ದೆ. ನಿಮ್ಮನ್ನು ಹುಡುಕುವುದಕ್ಕೆ ಮುಂಚೆ ಇದನ್ನು ತೆಗೆದುಕೊಂಡೆ,” ಎಂದೆ. ವಿಟ್‌ಕಮ್ ಮುಖ ನೋಡುವ ಧೈರ್ಯವಾಗಲಿಲ್ಲ.

ಪೆಲ್ ಚೀಟಿ ಓದಿದರು. ಆಮೇಲೆ ಹೇಳಿದರು. “ಹುಷಾರಿಗೆ ಅಂತ ಎಲ್ಲರೂ ನನ್ನ ಗೂಡೊಂದನ್ನು ಬಿಟ್ಟು ಹಂಚುತ್ತಾರೆ. ಅದು ಸರಿಯೇ. ಆದರೆ ಎಷ್ಟೋ ವರ್ಷದ ಮೇಲೆ ಇವತ್ತು ನನ್ನ ಗೂಡಿನಲ್ಲೂ ಒಂದು ಪೊಟ್ಟಣ ಇತ್ತು. ಕೇಳಿ ಬಿಚ್ಚಬೇಕಿತ್ತು, ಕೇಳಲಿಲ್ಲ. ಕೇಳಿದರೆ ವಾಪಸು ಕೊಡಬೇಕಾಗುತ್ತದೆ ಅನ್ನಿಸಿತು. ಮುದುಕನ ಬುದ್ಧಿ.”

“ಗಂಟಲು?” ಎಂದರು ವಿಟ್‌ಕಮ್.

“ಸರಿಯಿದೆ.”

ಅರ್ಧ ಗಂಟೆ ಮುಗಿದು, ದದ್ದು ಇಳಿದು, ಆಸ್ಪತ್ರೆಯ ಕಡೆಗೊಮ್ಮೆ ಹೋಗಿ ಬರಲೆಂದು ಪೆಲ್ ಅವರನ್ನು ಅಡೆಯೆಮಿ ಕಾರಿನಲ್ಲಿ ಕರೆದುಕೊಂಡು ಹೊರಟ ಮೇಲೆ, ವಿಟ್‌ಕಮ್ ನನ್ನ ಮುಂದೆ ಒಂದು ಫಾರಂ ಇಟ್ಟರು. ನಡೆದದ್ದನ್ನು ಬರೆಯುವ ಫಾರಂ. “ಎಲ್ಲವನ್ನೂ ನೀವೇ ಬರೆಯಿರಿ. ಚೀಟಿಯ ವಿಷಯ ಬರೆಯುವುದು ಬಿಡುವುದು ನಿಮಗೆ ಬಿಟ್ಟದ್ದು,” ಎಂದರು. ಬರೆದೆ. ಬರೆಯುವಾಗ ಕೆಲಸಕ್ಕೆ ಎಳ್ಳುನೀರು ಬಿಟ್ಟಾಗಿತ್ತು. ಸಂಜೆ ಮನೆಗೆ ಬಂದು ಅತ್ತಾಗ ಇವರು, “ಹೋದ್ರೆ ಹೋಗ್ಲಿ ಬಿಡು ಸುಮಾ, ಒಂದು ಜೀವ ಉಳೀತಲ್ಲ,” ಎಂದರು. ನಿಜ. ಆದರೆ ಆ ಕಿಟಕಿಯ ಮುಂದೆ ಕೂರಬೇಕಾದವರು ಇವರಲ್ಲವಲ್ಲ.

ಫೆಬ್ರವರಿಯಲ್ಲಿ ಡೆಪ್ಯುಟಿ ಹೆಡ್ ಕರೆಸಿದರು. ಕೆಲಸದಿಂದ ತೆಗೆಯಲಿಲ್ಲ, ಉಳಿಸಿಕೊಳ್ಳಲೂ ಇಲ್ಲ. ಪ್ರೊಬೇಷನ್ನನ್ನು ಇನ್ನೂ ನಾಲ್ಕು ತಿಂಗಳು ಮುಂದಕ್ಕೆ ಹಾಕಿದರು. ಆ ನಾಲ್ಕು ತಿಂಗಳು ಒಂದೊಂದು ಬಾಟಲಿಯ ಹೆಸರನ್ನೂ ಮೂರು ಸಲ ಓದುತ್ತಿದ್ದೆ. ಕನಸಿನಲ್ಲಿ ಗೌನು ಬರುತ್ತಿತ್ತು, ಕೆಲವು ಸಲ ಅದರೊಳಗೆ ಯಾರೋ ಇರುತ್ತಿದ್ದರು. ಜೂನ್ ಕೊನೆಗೆ ಒಂದು ದಿನ ವಿಟ್‌ಕಮ್ ನನ್ನ ಟ್ರಾಲಿಯ ಮೇಲೆ, ಬ್ಯೂರೆಟ್‌ಗಳ ಪಕ್ಕದಲ್ಲಿ, ಒಂದು ಲಕೋಟೆ ಇಟ್ಟರು. ಕೆಲಸ ಖಾಯಂ ಆದ ಕಾಗದ. “ಪೂರ್ತಿ ಓದಿ ಸಹಿ ಮಾಡಿ,” ಎಂದರು. ಅವರೆದುರಿಗೇ ಒಂದೊಂದು ಸಾಲೂ ಓದಿದೆ. ಹನ್ನೆರಡು ನಿಮಿಷ ಹಿಡಿಯಿತು. ಅವರು ಕಾದರು.

ಪೆಲ್ ಅವರದು ಆ ಬೇಸಿಗೆಗೆ ನಿವೃತ್ತಿ. ಟರ್ಮ್ ಮುಗಿಯುವ ಹಿಂದಿನ ದಿನ, ನಾನು ಬೀಕರು ಒರೆಸುತ್ತಿದ್ದ ಕೋಣೆಗೆ ಮೂರು ಮಹಡಿ ಇಳಿದು ಬಂದು ಒಂದು ತಗಡಿನ ಡಬ್ಬಿ ಕೊಟ್ಟರು.

“ನಾನೇ ಮಾಡಿದ್ದು, ಮಾರ್ಷ್‌ಮೆಲೋ ಅಂತ ಮೆತ್ತನೆಯ ಸಿಹಿ. ಎರಡು ಸಲ ಕೆಟ್ಟಿತು, ಮೂರನೆಯ ಸಲ ಬಂತು. ಒಳಗಿರುವುದನ್ನೆಲ್ಲ ಬರೆದಿದ್ದೇನೆ. ನಿಮಗೆ ಹೆದರಿಕೆ ಬೇಡ.”

ಮುಚ್ಚಳದ ಮೇಲೆ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಪಟ್ಟಿಯಿತ್ತು. ಸಕ್ಕರೆ. ಗುಲಾಬಿ ನೀರು. ಮೆಕ್ಕೆಜೋಳದ ಹಿಟ್ಟು. ಜೆಲಟಿನ್, ದನದ್ದು. ಕೆಳಗೆ ಗೆರೆ ಎಳೆದು, ‘ಕಡಲೆಕಾಯಿ ಇಲ್ಲ, ಎಳ್ಳು ಖಂಡಿತ ಇಲ್ಲ’ ಎಂದು ಬರೆದಿದ್ದರು. ಮೊಟ್ಟೆಯನ್ನೂ ಮುಟ್ಟದ ಮನೆಯವಳು ನಾನು. ಮೂಳೆ, ಚರ್ಮ ಕುದಿಸಿ ತೆಗೆಯುವ ಅಂಟಿನ ಪಾಠವನ್ನು ಮಕ್ಕಳಿಗೆ ಎಷ್ಟು ಸಲ ಮಾಡಿಲ್ಲ. ಯೋಚಿಸಬೇಕಾದದ್ದನ್ನೆಲ್ಲ ಯೋಚಿಸಿ, ಒಂದೇ ಒಂದು ಅವರಿಗೆ ಹೊಳೆದಿರಲಿಲ್ಲ. ಥೇಟ್ ನನ್ನ ಹಾಗೆ. ಕೇಳಿದರೆ ವಾಪಸು ಕೊಡಬೇಕಾಗುತ್ತದೆ ಎಂದು ಅವರು ಅಂದದ್ದು ನನಗೆ ಆಗ ಪೂರ್ತಿ ಅರ್ಥವಾಯಿತು. ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದುಕೊಂಡೆ. ಒಳಗಿನದನ್ನು ಸಂಜೆ ಅಡೆಯೆಮಿ ನನ್ನ ಜೊತೆ ಬಸ್‌ಸ್ಟಾಪಿನಲ್ಲೇ ನಿಂತು ಮುಗಿಸಿದರು.

ಮರುದಿನ, ಕೊನೆಯ ಬೆಲ್ಲು ಹೊಡೆದ ಮೇಲೆ, ಪೆಲ್ ಗೌನನ್ನು ತೋಳಿನ ಮೇಲೆ ಹಾಕಿಕೊಂಡು ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತರು. ಮೊದಲ ಸಲ ಪರೀಕ್ಷೆ ಬರೆದ ಮಗುವಿನ ಮುಖವಿತ್ತು ಅವರದು.

“ಹೇಗಿತ್ತು, ಸುಮಂಗಲಾ?”

“ತುಂಬ ಚೆನ್ನಾಗಿತ್ತು,” ಎಂದೆ ಅವರ ಕಣ್ಣನ್ನೇ ನೋಡುತ್ತಾ. “ಒಂದೂ ಉಳಿದಿಲ್ಲ.”

ಆ ಶಾಲೆಯಲ್ಲಿ ಇಡೀ ವರ್ಷ ನಿಜ ಹೇಳುವುದಕ್ಕೂ ನಡುಗಿದವಳು ನಾನು. ಆ ಸುಳ್ಳನ್ನು ಮಾತ್ರ ಒಂದಿಷ್ಟೂ ಹೆದರದೆ ಹೇಳಿದೆ.